ಬಾರದ ಹಿಮದ ಮೇಲೆ ಸಿಟ್ಟು

2024ರ ಜನವರಿ ನಡುವಿನಲ್ಲಿ ದಿಲ್ಲಿಯ ರಾತ್ರಿಯ ಉಷ್ಣಾಂಶ ಮೂರೂವರೆ ಡಿಗ್ರಿಯ ಆಸುಪಾಸಿಗೆ ಇಳಿದು ಅಲ್ಲೇ ಕೂತುಬಿಟ್ಟಿತ್ತು. ಮಧ್ಯಾಹ್ನ ಎರಡಾದರೂ ಸೂರ್ಯನ ಸುಳಿವಿಲ್ಲ. ಬಾಲ್ಕನಿಯಲ್ಲಿ ಒಣಹಾಕಿದ ಬಟ್ಟೆ ಮೂರನೆಯ ದಿನಕ್ಕೂ ಒದ್ದೆ. ರೋಣದಿಂದ ಬಂದಿದ್ದ ನನ್ನ ಚಿಕ್ಕಮ್ಮ ಎರಡು ರಜಾಯಿಗಳ ಒಳಗಿಂದ ಮುಖವಷ್ಟೇ ಹೊರಗಿಟ್ಟು, “ಇಷ್ಟ ಥಂಡಿ ಐತಿ, ಮತ್ತ ಹಿಮ ಯಾಕ ಬೀಳವಲ್ದು?” ಅಂದಳು.

ಆಕೆ ದಿಲ್ಲಿಗೆ ಬಂದದ್ದೇ ಹಿಮ ನೋಡಲಿಕ್ಕೆ. ಜೀವಮಾನದಲ್ಲಿ ಒಮ್ಮೆ ಕೈಯಲ್ಲಿ ಹಿಡಿದು ನೋಡಬೇಕು ಅನ್ನುವುದು ಆಕೆಯ ಹಳೆಯ ಆಸೆ. “ಜನವರಿಯಲ್ಲಿ ಬಾ, ತೋರಿಸ್ತೀನಿ” ಎಂದು ಮಾತು ಕೊಟ್ಟವನು ನಾನು. ಹಿಮ ನನ್ನ ಗೋದಾಮಿನಲ್ಲಿರುವ ಸರಕು ಅನ್ನುವ ಹಾಗೆ.

ಆಕೆಯ ಪ್ರಶ್ನೆಗೆ ಉತ್ತರ ಸುಲಭದ್ದೇ. ಚಳಿ ಬೇರೆ, ಹಿಮ ಬೇರೆ. ನಮ್ಮ ಉತ್ತರದ ಬೆಟ್ಟಗಳಿಗೆ ಚಳಿಗಾಲದಲ್ಲಿ ಹಿಮ ತರುವುದು ಪಶ್ಚಿಮದ ಅಡಚಣೆ ಎಂದು ಹವಾಮಾನದವರು ಕರೆಯುವ ಮಾರುತ. ಮೆಡಿಟರೇನಿಯನ್ ಕಡೆ ಹುಟ್ಟಿ, ಇರಾನ್, ಅಫ್ಘಾನಿಸ್ತಾನ ದಾಟಿ, ದಾರಿಯಲ್ಲಿ ಸಿಕ್ಕ ತೇವ ಹೊತ್ತು ಬರುತ್ತದೆ. ಅದು ಬಾರದ ದಿನಗಳಲ್ಲಿ ಬೆಟ್ಟದ ಆಕಾಶ ತೊಳೆದಿಟ್ಟ ತಾಟಿನಂತೆ ಸ್ವಚ್ಛ. ಹೊದಿಕೆಯಂತಿರಬೇಕಾದ ಮೋಡವಿಲ್ಲದೆ ನೆಲದ ಬಿಸಿಯೆಲ್ಲ ರಾತ್ರಿ ಮೇಲಕ್ಕೆ ಹಾರಿಹೋಗುತ್ತದೆ, ಮೈ ಕೊರೆಯುವ ಚಳಿ ಬೀಳುತ್ತದೆ. ಹಿಮ ಬೀಳುವ ರಾತ್ರಿ ನಿಜಕ್ಕೂ ಅಷ್ಟು ಚಳಿಯಿರುವುದಿಲ್ಲ. ಆ ಜನವರಿಯಲ್ಲಂತೂ ವಿಚಿತ್ರ: ದಿಲ್ಲಿ ಕಾವಳದಲ್ಲಿ ಮುಳುಗಿ ನಡುಗುತ್ತಿದ್ದರೆ ಶಿಮ್ಲಾದಲ್ಲಿ ಜನ ಬಿಸಿಲು ಕಾಯಿಸುತ್ತ ಕಡಲೆಕಾಯಿ ಸುಲಿಯುತ್ತಿದ್ದರು.

ನಮ್ಮ ಭಾಷೆಗೆ ಈ ಗೊಂದಲ ಹೊಸದಲ್ಲ. ಇಬ್ಬನಿಗೆ, ಆಲಿಕಲ್ಲಿಗೆ ನಮ್ಮದೇ ಪದಗಳಿವೆ. ಹಿಮ ಸಂಸ್ಕೃತದಿಂದ ತಂದದ್ದು, ತಂದಮೇಲೂ ಅದನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಮಂಜಿನ ಜೊತೆ ಸೇರಿಸಿಬಿಟ್ಟೆವು. ಗುಂಡ್ಲುಪೇಟೆಯ ಬಳಿಯ ಹಿಮವದ್ ಗೋಪಾಲಸ್ವಾಮಿ ಬೆಟ್ಟದಲ್ಲಿ ಇರುವುದು ಮಂಜು, ಹಿಮವಲ್ಲ. ಮಂಜು ಬಿತ್ತು ಅಂದರೆ ದಿಲ್ಲಿಯಲ್ಲಿ ವಿಮಾನ ತಡವಾಗುತ್ತದೆ, ಶಿಮ್ಲಾದಲ್ಲಿ ಹೋಟೆಲು ತುಂಬುತ್ತದೆ. ಕನ್ನಡದ ಒಂದೇ ವಾಕ್ಯ.

ನಾನು ಹಿಮದ ಹುಚ್ಚಿನವನು. ಒಪ್ಪಿಕೊಳ್ಳಲು ನಾಚಿಕೆಯಿಲ್ಲ. ಬಯಲುಸೀಮೆಯಲ್ಲಿ ಹುಟ್ಟಿ ದಿಲ್ಲಿಗೆ ಬಂದು ಬಿದ್ದ ಮೇಲೆ ಅಂಟಿದ ಚಟ. ಡಿಸೆಂಬರ್ ಬಂತೆಂದರೆ ಮೊಬೈಲಿನಲ್ಲಿ ಉಪಗ್ರಹದ ಚಿತ್ರ, ಹವಾಮಾನದ ನಕ್ಷೆ. ಅಮೆರಿಕದ ಒಂದು ಮಾದರಿ ದಿನಕ್ಕೆ ನಾಲ್ಕು ಸಲ ಹೊಸ ಲೆಕ್ಕ ಹಾಕಿ ಕೊಡುತ್ತದೆ, ನಾಲ್ಕು ಸಲವೂ ನೋಡುತ್ತೇನೆ. ಹತ್ತು ದಿನ ದೂರದ ನಕ್ಷೆಯಲ್ಲಿ ನಾರ್ಕಂಡದ ಮೇಲೆ ದಟ್ಟ ನೀಲಿ, ಒಂದು ಅಡಿ ಹಿಮ. ಏಳನೆಯ ದಿನಕ್ಕೆ ನಾಲ್ಕು ಅಂಗುಲ. ನಾಲ್ಕನೆಯ ದಿನಕ್ಕೆ ಇನ್ನೂರು ಮೀಟರ್ ಮೇಲಿದ್ದರೆ ಹಿಮ, ಕೆಳಗಿದ್ದರೆ ಮಳೆ. ಹಿಂದಿನ ದಿನಕ್ಕೆ ಏನೂ ಇಲ್ಲ. ಇದು ಮೋಸವಲ್ಲ, ವಾತಾವರಣದ ಸ್ವಭಾವವೇ ಹಾಗೆ, ಇಂದಿನ ಸಣ್ಣ ವ್ಯತ್ಯಾಸ ಹತ್ತು ದಿನದಲ್ಲಿ ದೊಡ್ಡದಾಗುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತು. ಆದರೂ ಪ್ರತಿ ಸಲ ಯಾರೋ ನನ್ನ ಜೇಬಿನಿಂದ ಕದ್ದ ಹಾಗೆ ಅನ್ನಿಸುತ್ತದೆ. ಈ ‘ಕದ್ದ ಹಾಗೆ’ ಅನ್ನುವ ಭಾವನೆಯೇ ನನ್ನನ್ನು ಈ ಲೇಖನಕ್ಕೆ ಕೂರಿಸಿದ್ದು. ಯಾರೂ ಕೊಡುತ್ತೇನೆ ಅನ್ನದ ವಸ್ತು ಬರಲಿಲ್ಲವೆಂದು ಅನ್ಯಾಯವಾದಂತೆ ಅನ್ನಿಸುವುದು ಯಾಕೆ?

ಹೋದೆವು. ಶಿಮ್ಲಾದಿಂದ ಅರವತ್ತು ಚಿಲ್ಲರೆ ಕಿಲೋಮೀಟರ್ ಮುಂದೆ, ಸುಮಾರು 2,700 ಮೀಟರ್ ಎತ್ತರದಲ್ಲಿ ನಾರ್ಕಂಡ. ಹತ್ತಿರದ ಕೋಟಗಢದಲ್ಲಿ ಕಳೆದ ಶತಮಾನದ ಎರಡನೆಯ ದಶಕದಲ್ಲಿ ಸ್ಯಾಮ್ಯುಯೆಲ್ ಸ್ಟೋಕ್ಸ್ ಅನ್ನುವ ಅಮೆರಿಕನ್ ನೆಟ್ಟ ಸೇಬಿನ ಸಸಿಗಳು ಈ ಇಡೀ ಸೀಮೆಯ ಬದುಕನ್ನೇ ಬದಲಿಸಿದವು. ನಾವು ಉಳಿದುಕೊಂಡ ಮನೆಯೂ ಸೇಬಿನ ತೋಟದ ನಡುವೆ. ಬೋಳು ಮರಗಳು, ಕಂದು ಹುಲ್ಲು, ಕಣ್ಣು ಕುಕ್ಕುವ ಬಿಸಿಲು. ಚಿಕ್ಕಮ್ಮ ಸುತ್ತ ನೋಡಿ, “ನಮ್ಮ ಗಜೇಂದ್ರಗಡದ ಗುಡ್ಡ ಇದ್ದಾಂಗ ಐತಿ” ಅಂದಳು. ಅದು ಹೊಗಳಿಕೆಯಾಗಿರಲಿಲ್ಲ.

ಮನೆಯೊಡತಿ ಹಿಮಕ್ಕಾಗಿ ಕಾಯುತ್ತಿದ್ದಳು, ನಮಗಿಂತ ಹೆಚ್ಚಾಗಿ. ಹಳೆಯ ಡಿಲಿಷಿಯಸ್ ಜಾತಿಯ ಸೇಬಿಗೆ ಚಳಿಗಾಲದಲ್ಲಿ ಏಳು ಡಿಗ್ರಿಗಿಂತ ಕೆಳಗಿನ ತಂಪು ಸಾವಿರ ಗಂಟೆಗೂ ಮೇಲ್ಪಟ್ಟು ಸಿಗಬೇಕು, ಇಲ್ಲದಿದ್ದರೆ ಮೊಗ್ಗು ಸರಿಯಾಗಿ ಬಿರಿಯುವುದಿಲ್ಲ. ಹಗಲು ಹೀಗೆ ಬಿಸಿಲು ಕಾದರೆ ಆ ಲೆಕ್ಕ ತುಂಬುವುದು ಕಷ್ಟ. ನೆಲ ಒಣಗಿ ಹೊಸ ಸಸಿ ನೆಡಲೂ ಆಗುತ್ತಿಲ್ಲ. ಬಿದ್ದ ಹಿಮ ನಿಧಾನಕ್ಕೆ ಕರಗಿ ಬೇಸಗೆಯವರೆಗೆ ಬೇರಿಗೆ ನೀರುಣಿಸಬೇಕು. ಆಕೆಗೆ ಹಿಮ ಅಂದರೆ ಬ್ಯಾಂಕಿನಲ್ಲಿಟ್ಟ ಠೇವಣಿ.

ತೋಟದ ಅಂಚಿನ ತಗಡಿನ ಶೆಡ್ಡಿನಲ್ಲಿ ನೇಪಾಳದ ಒಬ್ಬ ಹುಡುಗನಿದ್ದ. ಮರ ಸವರುವ ಕೆಲಸ, ದಿನಗೂಲಿ. ಹಿಮ ಬಿದ್ದರೆ ಕೆಲಸ ನಿಂತಿತು, ಕೂಲಿಯೂ ನಿಂತಿತು, ಶೆಡ್ಡಿನ ರಾತ್ರಿಯಂತೂ ಹೇಳುವುದೇ ಬೇಡ. ಇನ್ನು ಹತ್ತು ದಿನ ಬೀಳದಿದ್ದರೆ ಸಾಕು ಅಂದ, ಒಡತಿ ಅತ್ತ ಹೋದಮೇಲೆ. ಆದರೆ ಈ ವರ್ಷ ಹಿಮ ಬೀಳದಿದ್ದರೆ ಆಗಸ್ಟಿನಲ್ಲಿ ಹಣ್ಣಿಲ್ಲ, ಹಣ್ಣಿಲ್ಲದಿದ್ದರೆ ಪೆಟ್ಟಿಗೆ ಹೊರುವ ಕೂಲಿಯೂ ಇಲ್ಲ. ಅದೂ ಅವನಿಗೆ ಗೊತ್ತಿತ್ತು.

ಒಂದೇ ಆಕಾಶ, ಅದರ ಕೆಳಗೆ ಮೂರು ಅರ್ಜಿಗಳು. ಅವುಗಳಲ್ಲಿ ನನ್ನದೇ ಅತ್ಯಂತ ಹಗುರವಾದದ್ದು, ಅತಿ ಜೋರಾಗಿ ಕೂಗುತ್ತಿದ್ದದ್ದೂ ನನ್ನದೇ.

ಎರಡನೆಯ ಸಂಜೆ ಮೊಬೈಲಿನಲ್ಲಿ ಒಂದು ಬದಲಾವಣೆ ಕಂಡೆ. ಹವಾಮಾನ ಇಲಾಖೆಯವರು ಅಪಾಯದ ಮಟ್ಟಕ್ಕೆ ತಕ್ಕಂತೆ ಹಳದಿ, ಕಿತ್ತಳೆ, ಕೆಂಪು ಬಣ್ಣ ಹಚ್ಚುತ್ತಾರಲ್ಲ, ಹಾಗೆ ಎತ್ತರದ ಪ್ರದೇಶಗಳಿಗೆ ಹಳದಿ ಬಂದಿತ್ತು. ನಾನು ಕುರ್ಚಿಯಿಂದ ಎದ್ದುನಿಂತೆ. “ಬಂತು! ರಸ್ತೆ ಕೂಡ ಮುಚ್ಚಬಹುದಂತೆ!” ಎಂದು ಕೂಗಿದೆ. ಅಡುಗೆಮನೆಯಲ್ಲಿದ್ದ ಡ್ರೈವರ್ ತಲೆ ಎತ್ತಿ ನೋಡಿದ. ಅವನಿಗೆ ಮಾರನೆಯ ದಿನ ಬೇರೆ ಬಾಡಿಗೆಯಿತ್ತು.

ಆಗ ನನಗೇ ಹೊಳೆಯಿತು, ನಾನು ಎಚ್ಚರಿಕೆಯನ್ನು ಆಮಂತ್ರಣಪತ್ರದ ಹಾಗೆ ಓದುತ್ತಿದ್ದೇನೆ ಎಂದು. ರಸ್ತೆ ಮುಚ್ಚುವುದು ನನಗೆ ಹಿಮದ ಜೊತೆ ಸಹಿಸಿಕೊಳ್ಳಬೇಕಾದ ಕಷ್ಟವಾಗಿರಲಿಲ್ಲ, ಅದು ಹಿಮದ ಗುಣಮಟ್ಟಕ್ಕೆ ಸಿಕ್ಕ ಪ್ರಮಾಣಪತ್ರವಾಗಿತ್ತು. ಕಿತ್ತಳೆ ಬಂದಿದ್ದರೆ ಇನ್ನೂ ಜೋರಾಗಿ ಕೂಗುತ್ತಿದ್ದೆ. ಕೆಂಪು ಬಂದಿದ್ದರೆ? ಅದನ್ನು ಇವತ್ತಿಗೂ ನಿಚ್ಚಳವಾಗಿ ಹೇಳಲಾರೆ.

ಇದಕ್ಕೆ ಒಂದು ಸಿದ್ಧ ಸಮಾಧಾನವಿದೆ. ನನ್ನ ಆಸೆಯಿಂದ ಒಂದು ಮೋಡವೂ ಒಂದು ಅಂಗುಲ ಕದಲುವುದಿಲ್ಲ. ಬೀಳುವುದಿದ್ದರೆ ನಾನು ಬಯಸದಿದ್ದರೂ ಬೀಳುತ್ತದೆ. ಪರಿಣಾಮವೇ ಇಲ್ಲದ ಆಸೆಯಲ್ಲಿ ಪಾಪ ಎಲ್ಲಿಂದ ಬಂತು? ಬಹಳ ದಿನ ನಾನೂ ಇದನ್ನೇ ನಂಬಿದ್ದೆ. ಆದರೆ ಆಸೆಗೆ ಆಕಾಶದ ಮೇಲೆ ಅಧಿಕಾರವಿಲ್ಲದಿದ್ದರೂ ಕಣ್ಣಿನ ಮೇಲೆ ಇದೆ. ಡ್ರೈವರನ ಮುಖ ಆ ಕ್ಷಣದಲ್ಲಿ ನನಗೆ ಅಡ್ಡಿಯಾಗಿ ಕಂಡಿತು. ಹತ್ತು ದಿನ ಬೀಳದಿರಲಿ ಅಂದ ಹುಡುಗನ ಮೇಲೆ ನನಗೆ ಸಣ್ಣದೊಂದು ಅಸಮಾಧಾನ ಹುಟ್ಟಿತ್ತು, ಅವನು ಎದುರು ತಂಡದವನು ಅನ್ನುವ ಹಾಗೆ. ಕ್ರಿಕೆಟ್ಟಿನಲ್ಲಾದರೆ ಸರಿ. ಇಲ್ಲಿ ಒಬ್ಬನ ತಂಡದಲ್ಲಿ ಕ್ಯಾಮೆರಾ ಇದೆ, ಇನ್ನೊಬ್ಬನ ತಂಡದಲ್ಲಿ ತಗಡಿನ ಮಾಡಿದೆ.

ಆಸೆ ಜನರ ಕಾಲನ್ನೂ ನಡೆಸುತ್ತದೆ. 2022ರ ಜನವರಿ ಮೊದಲ ವಾರದ ಕೊನೆಗೆ ಪಾಕಿಸ್ತಾನದ ಮರಿ ಗಿರಿಧಾಮಕ್ಕೆ ಹಿಮ ನೋಡಲೆಂದೇ ಸಾವಿರಾರು ಕಾರುಗಳು ಹೋದವು. ಬಯಸಿದ ಹಿಮ ಬಯಸಿದ್ದಕ್ಕಿಂತ ಹೆಚ್ಚೇ ಬಿತ್ತು. ರಸ್ತೆಯಲ್ಲಿ ಸಿಕ್ಕಿಕೊಂಡ ಕಾರುಗಳೊಳಗೆ ಇಪ್ಪತ್ತಕ್ಕೂ ಹೆಚ್ಚು ಜನ ತೀರಿಕೊಂಡರು, ಮಕ್ಕಳೂ ಸೇರಿ. ಹೀಟರಿಗಾಗಿ ಎಂಜಿನ್ ಚಾಲೂ ಇಟ್ಟು, ಹೊಗೆಕೊಳವೆ ಹಿಮದಲ್ಲಿ ಹೂತು, ವಿಷಾನಿಲ ಒಳಗೆ ತುಂಬಿ ಸತ್ತವರಿದ್ದರು. ಅವರು ನನ್ನಂಥವರೇ. ಆ ಸುದ್ದಿ ಓದಿದ ದಿನವೂ ನಾನು ಸಂಜೆ ನಕ್ಷೆ ನೋಡಿದ್ದೆ.

ಹಾಗಾದರೆ ಆಸೆಪಡಲೇಬಾರದೇ? ನನಗೆ ಹಾಗನ್ನಿಸುವುದಿಲ್ಲ. ಹಿಮವನ್ನು ಬಯಸುವುದು ಕಾಶ್ಮೀರದವರಿಗೆ, ಹಿಮಾಚಲದವರಿಗೆ ನಾಚಿಕೆಯ ವಿಷಯವಲ್ಲ. ಅದೇ ತಿಂಗಳು ಗುಲ್‌ಮರ್ಗ್‌ನ ಇಳಿಜಾರುಗಳು ಬೋಳಾಗಿದ್ದವು. ಡಿಸೆಂಬರ್ 21ರಿಂದ ನಲವತ್ತು ದಿನದ ಚಿಲ್ಲಾಯ್ ಕಲಾನ್, ಅಂದರೆ ಅವರ ಕಡುಚಳಿಯ ಕಾಲ, ಹಿಮವಿಲ್ಲದೆ ಕಳೆದುಹೋಗುತ್ತಿತ್ತು. ಮಸೀದಿಗಳಲ್ಲಿ ಮಳೆಗೆಂದು ಸಲ್ಲಿಸುವ ವಿಶೇಷ ನಮಾಜು ನಡೆಯಿತು. ಸ್ಕೀ ಬಾಡಿಗೆಗೆ ಕೊಡುವವನಿಂದ ಹಿಡಿದು ಕೇಸರಿ ಬೆಳೆಯುವವನವರೆಗೆ ಎಲ್ಲರದೂ ಅದೇ ಬೇಡಿಕೆ.

ಚಿಕ್ಕಮ್ಮನಿಗೆ ಇದನ್ನು ಹೇಳಿದಾಗ ಆಕೆಗೆ ಗುರ್ಜಿ ನೆನಪಾಯಿತು. ನಮ್ಮ ಕಡೆ ಮಳೆ ಹೋದರೆ ಒಬ್ಬರು ತಲೆಯ ಮೇಲೆ ರೊಟ್ಟಿಯ ಹಂಚು ಬೋರಲು ಹಾಕಿ, ಅದರ ಮೇಲೆ ಗುರ್ಜಿಯನ್ನು ಇಟ್ಟುಕೊಂಡು ಮನೆಮನೆಗೆ ಹೋಗುತ್ತಾರೆ. ಪ್ರತಿ ಮನೆಯವರೂ ಬಂದು ಕೊಡದ ನೀರು ಸುರಿಯುತ್ತಾರೆ, ಹೊತ್ತವರು ಗರಗರ ತಿರುಗುತ್ತಾರೆ. ನೀರೇ ಇಲ್ಲದ ಕಾಲದಲ್ಲಿ ಇದ್ದ ನೀರನ್ನು ಸುರಿಯುವುದು! ಸಣ್ಣವಳಿದ್ದಾಗ ಆಕೆಯೂ ಸುರಿದಿದ್ದಳಂತೆ, ಅವ್ವನ ಕೈಲಿ ಬೈಸಿಕೊಂಡಳಂತೆ, ಅಷ್ಟು ದೊಡ್ಡ ಕೊಡ ಯಾಕೆ ತಂದೆ ಎಂದು. ಅದರಿಂದ ಮಳೆ ಬರುತ್ತದೆಂದು ನಾನು ನಂಬುವುದಿಲ್ಲ. ಆದರೆ ಅಲ್ಲಿ ಬೇಡುವವರೇ ನೆನೆಯುತ್ತಾರೆ, ಬೇಡುವವರ ಮನೆಯ ನೀರೇ ಖರ್ಚಾಗುತ್ತದೆ. ನನ್ನ ಬೇಡಿಕೆಯಲ್ಲಿ ಖರ್ಚಾದದ್ದು ಮೊಬೈಲಿನ ಬ್ಯಾಟರಿ.

ಇಂಥ ಕಡೆ ಗೀತೆಯ ಕರ್ಮ-ಫಲದ ಮಾತು ತರುವುದು ರೂಢಿ. ಫಲದ ಮೇಲೆ ಆಸೆಯಿಡಬೇಡ, ಕರ್ಮ ಮಾಡು ಎಂದು. ತೋಟದೊಡತಿಗೆ ಅದನ್ನು ಹೇಳಬಹುದೇನೋ, ಆಕೆ ಮರ ಸವರಿಸಿದ್ದಾಳೆ, ಗೊಬ್ಬರ ಹಾಕಿದ್ದಾಳೆ, ತನ್ನ ಪಾಲಿನದನ್ನು ಮಾಡಿ ಕಾದಿದ್ದಾಳೆ. ನನಗೆ ಹೇಳುವುದಾದರೂ ಏನನ್ನು? ನನ್ನದು ಕರ್ಮವೇ ಇಲ್ಲದ ಫಲಾಪೇಕ್ಷೆ. ಹೋಟೆಲಿನ ಮುಂಗಡ ಕಟ್ಟಿದ್ದೇ ನನ್ನ ಕರ್ಮ. ಬಹುಶಃ ‘ಕದ್ದ ಹಾಗೆ’ ಅನ್ನಿಸುವುದರ ಬೇರು ಅಲ್ಲೇ ಇದೆ. ದುಡ್ಡು ಕೊಟ್ಟವನಿಗೆ ಎಲ್ಲವೂ ಬರಬೇಕಾದ ಬಾಕಿಯಂತೆ ಕಾಣುತ್ತದೆ, ಆಕಾಶ ಕೂಡ. ಬಾಕಿ ಬರದಿದ್ದರೆ ಸಾಲಗಾರನನ್ನು ಹುಡುಕುತ್ತೇವೆ. ಮೊದಲು ಮುನ್ಸೂಚನೆ ಕೊಟ್ಟವರು, ಆಮೇಲೆ ಡ್ರೈವರು, ಯಾರೂ ಸಿಗದಿದ್ದರೆ ಜೊತೆಗೆ ಬಂದವರು. ಮೂರನೆಯ ಬೆಳಿಗ್ಗೆ ನಾನು ಚಿಕ್ಕಮ್ಮನ ಮೇಲೆ ರೇಗಿದೆ, ಸ್ವೆಟರು ಹಾಕಿಕೊಳ್ಳಲು ತಡ ಮಾಡಿದಳೆಂದು. ಹೊರಗೆ ಬಿಸಿಲು ಸುರಿಯುತ್ತಿತ್ತು. ಅವಸರವೇನೂ ಇರಲಿಲ್ಲ.

ಹಳದಿ ಬಣ್ಣದ ದಿನ ಮೋಡ ಬಂತು, ಹಾಟು ಶಿಖರವನ್ನು ಅರ್ಧ ದಿನ ಮುಚ್ಚಿತು, ನಾಲ್ಕು ಹನಿ ಉದುರಿಸಿ ಹೋಯಿತು. ಮನೆಯೊಡತಿ ಹೊಸ್ತಿಲಲ್ಲಿ ನಿಂತು ಅದು ಹೋಗುವುದನ್ನು ನೋಡಿದಳು. ಏನೂ ಅನ್ನಲಿಲ್ಲ, ಒಳಗೆ ಹೋಗಿ ನಮಗೆ ಚಹಾ ತಂದಳು. ನಷ್ಟ ನಿಜವಾಗಿ ಆಕೆಯದು. ಮುಖ ಸಪ್ಪಗೆ ಮಾಡಿಕೊಂಡು ಕೂತವನು ನಾನು, ಸಮಾಧಾನ ಹೇಳಬೇಕಾದವಳು ಆಕೆ! ಮುಂದಿನ ವಾರ ಖಂಡಿತ ಬೀಳುತ್ತದೆ, ಆಗ ಬನ್ನಿ ಅಂದಳು.

ಬಿತ್ತು. ಜನವರಿ ಮುಗಿಯುತ್ತ, ಫೆಬ್ರವರಿ ಹೊಕ್ಕುತ್ತ ಕಾಶ್ಮೀರದಿಂದ ಹಿಮಾಚಲದವರೆಗೆ ಚೆನ್ನಾಗಿ ಹಿಮ ಬಿತ್ತು, ಗುಲ್‌ಮರ್ಗ್ ಬೆಳ್ಳಗಾಯಿತು, ಶಿಮ್ಲಾದ ಮೇಲ್ಭಾಗದಲ್ಲಿ ರಸ್ತೆಗಳು ಮುಚ್ಚಿದವು. ಅಷ್ಟರಲ್ಲಿ ಚಿಕ್ಕಮ್ಮ ಊರು ಸೇರಿ ನಾಲ್ಕು ದಿನವಾಗಿತ್ತು. ಮನೆಯೊಡತಿ ಒಂದು ವಿಡಿಯೋ ಕಳಿಸಿದಳು, ನಲವತ್ತು ಸೆಕೆಂಡಿನದು. ನಾವು ಕೂತಿದ್ದ ಜಗುಲಿ, ಬೋಳು ಮರಗಳ ಕೊಂಬೆಕೊಂಬೆಯ ಮೇಲೂ ಬಿಳಿ. ನೋಡಿ ಮೊದಲು ಬಂದದ್ದು ಹಾಳು ಸಿಟ್ಟೇ, ಒಂದೇ ಒಂದು ವಾರ ಎಂದು. ಆಮೇಲೆ ರೋಣಕ್ಕೆ ಕಳಿಸಿದೆ.

ರಾತ್ರಿ ಫೋನು ಬಂತು. ಚಂದ ಐತಿ ಅಂದಳು. ಹತ್ತಿಯ ಹೊಲ ಬಿರಿದಾಂಗ ಐತಿ ಅಂದಳು. ನಾನು ಕ್ಷಮೆ ಕೇಳುವ ಧಾಟಿಯಲ್ಲಿ ಏನೋ ಹೇಳುತ್ತಿದ್ದೆ, ಆಕೆ ನಡುವೆಯೇ ತಡೆದಳು. “ಅದರಾಗ ಬಲಕ್ಕ ಮೂಲ್ಯಾಗ ನೋಡು, ಆ ಹುಡುಗ ತಗಡಿನ ಮ್ಯಾಲಿಂದ ಹಿಮಾ ಕೆರಿಯಾಕ ಹತ್ಯಾನ. ಬರಿಗೈಲೇ ಅದಾನೇನ?”

ಅಲ್ಲಿ ಮನುಷ್ಯನಿರುವುದನ್ನೇ ನಾನು ನೋಡಿರಲಿಲ್ಲ. ಫೋನಿಟ್ಟು ವಿಡಿಯೋ ಮತ್ತೆ ಹಾಕಿದೆ. ಮೂರನೆಯ ಸಲ ನಿಲ್ಲಿಸಿ, ದೊಡ್ಡದು ಮಾಡಿ ನೋಡಿದಾಗ ಕಂಡಿತು. ಎರಡೂ ಕೈಗೆ ಕಾಲುಚೀಲ ಹಾಕಿಕೊಂಡಿದ್ದ.