ಹಸಿವಿಲ್ಲದಿರುವುದು ಉಪವಾಸವೇ?

ಶ್ರಾವಕನ ಅಷ್ಟಮೂಲಗುಣಗಳಲ್ಲಿ ಮದ್ಯತ್ಯಾಗವೂ ಒಂದು. ನಮ್ಮ ಮನೆಗಳಲ್ಲಿ ಈ ವ್ರತಕ್ಕೆ ವಿವರಣೆಯೇ ಬೇಕಿರಲಿಲ್ಲ. ಹೆಂಡ ಸಾರಾಯಿಗಳ ದುರ್ವಾಸನೆಯೇ ಅದನ್ನು ಕಾಯುತ್ತಿತ್ತು. ಆದರೆ ವಾಸನೆಯೂ ಇಲ್ಲದ, ತೂರಾಟವೂ ಇಲ್ಲದ ಬಿಳಿಯ ಪುಡಿಯೊಂದಿದೆ. ಅದರ ಹೆಸರು ಕೊಕೇನ್. ಅದರ ಪರವಾಗಿ ಒಂದು ವಾದವನ್ನು ಹೂಡಬಹುದು: “ಇದು ಕೊಳೆಸಿ ಇಳಿಸಿದ ಮದ್ಯವಲ್ಲ, ಎಲೆಯ ಸಾರ. ಮೈಮರೆಸುವುದಿಲ್ಲ, ಎಚ್ಚರವನ್ನೇ ಹೆಚ್ಚಿಸುತ್ತದೆ. ಹಸಿವೆ ನಿದ್ರೆಗಳನ್ನು ಗೆಲ್ಲಿಸುತ್ತದೆ. ತಪಸ್ಸು ವರ್ಷಗಟ್ಟಲೆ ಸಾಧಿಸುವುದನ್ನು ಇದು ಕ್ಷಣದಲ್ಲಿ ಸಾಧಿಸಿದರೆ ದೋಷವೇನು?” ಇಂಥ ಪ್ರಶ್ನೆ ಕೇಳುವ ತರುಣನನ್ನು ಗದರಿಸಿ ಕಳುಹಿಸುವುದು ಸುಲಭ, ಆದರೆ ಗದರಿಕೆಯು ಉತ್ತರವಾಗದು.

ಈ ವಾದದಲ್ಲಿ ಸತ್ಯಾಂಶವಿದೆಯೆಂದು ಮೊದಲು ಒಪ್ಪಬೇಕು. ದಕ್ಷಿಣ ಅಮೆರಿಕದ ಪೆರು, ಬೊಲಿವಿಯಾ ದೇಶಗಳ ಎತ್ತರದ ಬೆಟ್ಟಗಳಲ್ಲಿ ಜನರು ತಲೆತಲಾಂತರದಿಂದ ಕೋಕಾ ಎಲೆಯನ್ನು ಸುಣ್ಣದೊಡನೆಯೋ ಬೂದಿಯೊಡನೆಯೋ ಅಗಿಯುತ್ತ ಬಂದಿದ್ದಾರೆ. (ನಮ್ಮ ಎಲೆಯಡಕೆಯ ನೆನಪು ಬಾರದಿರದು.) ಪೊಟೋಸಿಯ ಬೆಳ್ಳಿಯ ಗಣಿಗಳಲ್ಲಿ ಸ್ಪೇನಿನವರಿಗಾಗಿ ದುಡಿದ ಕೂಲಿಗಳು ಹಸಿವೆ ದಣಿವುಗಳು ತಿಳಿಯದಂತೆ ಈ ಎಲೆಯನ್ನೇ ನೆಚ್ಚಿದ್ದರು. ಎಲೆಯಲ್ಲಿರುವ ಕೊಕೇನ್ ಶೇಕಡಾ 1ರ ಆಸುಪಾಸು ಮಾತ್ರ. 1860ರಲ್ಲಿ ಜರ್ಮನಿಯ ಆಲ್ಬರ್ಟ್ ನೀಮನ್ ಆ ಸಾರವನ್ನು ಬೇರ್ಪಡಿಸಿದ ಮೇಲೆ ಎಲೆಯ ಕಥೆ ಬೇರೆ, ಪುಡಿಯ ಕಥೆ ಬೇರೆಯಾಯಿತು.

1884ರಲ್ಲಿ ವಿಯೆನ್ನಾದ ತರುಣ ವೈದ್ಯ ಸಿಗ್ಮಂಡ್ ಫ್ರಾಯ್ಡ್ ಈ ವಸ್ತುವನ್ನು ಹೊಗಳಿ ಪ್ರಬಂಧ ಬರೆದನು. ಅದೇ ವರ್ಷ ಕಾರ್ಲ್ ಕೋಲರ್ ಎಂಬ ವೈದ್ಯನು ಕಣ್ಣಿನ ಶಸ್ತ್ರಚಿಕಿತ್ಸೆಯಲ್ಲಿ ನೋವು ತಿಳಿಯದಿರಲು ಇದನ್ನು ಬಳಸಿ ಲೋಕಕ್ಕೆ ಉಪಕಾರವನ್ನೇ ಮಾಡಿದನು. ಆದರೆ ಫ್ರಾಯ್ಡನ ಮಿತ್ರ ಅರ್ನ್ಸ್ಟ್ ಫ್ಲೈಶ್ಲನ ಗತಿಯನ್ನು ನೋಡಬೇಕು. ಹೆಬ್ಬೆರಳು ಕತ್ತರಿಸಿದ ನೋವಿಗೆ ಅವನು ಮಾರ್ಫಿನ್ ಹಿಡಿದಿದ್ದನು; ಅದನ್ನು ಬಿಡಿಸಲೆಂದು ಫ್ರಾಯ್ಡ್ ಕೊಕೇನ್ ಕೊಟ್ಟನು. ಹಳೆಯ ವ್ಯಸನ ಹೋಗಲಿಲ್ಲ, ಹೊಸದು ಸೇರಿಕೊಂಡಿತು. ಚರ್ಮದ ಮೇಲೆ ಹುಳುಗಳು, ಹಾವುಗಳು ಹರಿಯುತ್ತಿವೆಯೆಂಬ ಭ್ರಮೆಗೆ ತುತ್ತಾದ ಆ ವಿದ್ವಾಂಸನು 1891ರಲ್ಲಿ, ತನ್ನ 45ನೆಯ ವಯಸ್ಸಿನಲ್ಲಿ ತೀರಿಕೊಂಡನು.

ಇದು ಹೀಗೇಕೆ? ಮೆದುಳಿನಲ್ಲಿ ತೃಪ್ತಿಯನ್ನೂ ಉತ್ಸಾಹವನ್ನೂ ಸಾರುವ ಡೋಪಮಿನ್ ಎಂಬ ದ್ರವ್ಯವಿದೆ. ಅದು ತನ್ನ ಕೆಲಸ ಮುಗಿಸಿದ ಮೇಲೆ ನರಕೋಶಕ್ಕೆ ಹಿಂದಿರುಗಬೇಕು. ಕೊಕೇನ್ ಆ ಬಾಗಿಲನ್ನು ಮುಚ್ಚುತ್ತದೆ. ದ್ರವ್ಯವು ಹೊರಗೇ ತುಂಬಿ ನಿಲ್ಲುತ್ತದೆ. ಸುಖವು ಮೂಗಿನಿಂದ ಸೇದಿದರೆ ಅರ್ಧ ಗಂಟೆಯೊಳಗೆ, ಹೊಗೆಯಾಗಿ ಎಳೆದರೆ ಹತ್ತು ನಿಮಿಷದೊಳಗೆ ಇಳಿಯುತ್ತದೆ. ಬಳಿಕ ಉಳಿಯುವುದು ಖಿನ್ನತೆ ಮತ್ತು ಮತ್ತೆ ಬೇಕೆಂಬ ತೃಷ್ಣೆ. ವೇದನೀಯ ಕರ್ಮಕ್ಕೆ ನಮ್ಮ ಆಚಾರ್ಯರು ಕೊಟ್ಟ ಉಪಮೆ ಜೇನು ಸವರಿದ ಖಡ್ಗಧಾರೆ. ಇದಕ್ಕಿಂತ ತಕ್ಕ ಉಪಮೆಯು ನನಗೆ ತೋಚದು. ಧಾರೆಯು ಬರಿಯ ಮಾತಲ್ಲ. ರಕ್ತನಾಳಗಳು ಸಂಕುಚಿತವಾಗುತ್ತವೆ, ಒತ್ತಡವೇರುತ್ತದೆ. ಹೃದಯಕ್ಕೆ ಹೆಚ್ಚು ರಕ್ತ ಬೇಕಾದ ಹೊತ್ತಿನಲ್ಲಿಯೇ ಕಡಮೆ ದೊರೆಯುತ್ತದೆ. ಸೇವಿಸಿದ ಮೊದಲ ಗಂಟೆಯಲ್ಲಿ ಹೃದಯಾಘಾತದ ಅಪಾಯ ಸುಮಾರು 24 ಪಟ್ಟು ಏರುತ್ತದೆಂದು 1999ರ ಅಮೆರಿಕದ ಅಧ್ಯಯನವೊಂದು ಕಂಡುಕೊಂಡಿತು. ಗಟ್ಟಿಮುಟ್ಟಾದ ತರುಣರಿಗೂ ಪಾರ್ಶ್ವವಾಯು ಬಡಿಯಬಹುದು; ಮೂಗಿನ ನಡುಗೋಡೆ ತೂತಾಗಬಹುದು. ಜೊತೆಗೆ ಮದ್ಯವನ್ನೂ ಕುಡಿದರೆ ಯಕೃತ್ತಿನಲ್ಲಿ ಎರಡೂ ಕೂಡಿ ಹೃದಯಕ್ಕೆ ಇನ್ನೂ ಕೆಡುಕಾದ ಮೂರನೆಯ ವಿಷವಾಗುತ್ತದೆ. ದನಕರುಗಳ ಹೊಟ್ಟೆಹುಳುವಿನ ಔಷಧವನ್ನು ಈ ಪುಡಿಗೆ ಬೆರೆಸಿ ಮಾರುವುದೂ ಉಂಟು.

ಈಗ ಎಚ್ಚರದ ಮಾತು. ಸಮಂತಭದ್ರಾಚಾರ್ಯರು ರತ್ನಕರಂಡಕದಲ್ಲಿ ಮದ್ಯವನ್ನು ವರ್ಜಿಸಲು ಹೇಳಿದ ಕಾರಣ ಪ್ರಮಾದದ ಪರಿಹಾರ. ಕಾರಣವು ಎಲ್ಲಿದೆಯೋ ಅಲ್ಲಿ ವರ್ಜನೆಯೂ ಇದೆ. ವಸ್ತುವಿನ ಹೆಸರು ಬದಲಾದರೆ ವ್ರತವು ಸಡಿಲವಾಗದು. ಪ್ರಮಾದವೆಂದರೆ ತೂಕಡಿಕೆಯೊಂದೇ ಎಂದು ತಿಳಿದವರು ಮಾತ್ರ ಕೊಕೇನನ್ನು ಅಪ್ರಮಾದವೆನ್ನಬಲ್ಲರು. ಕಷಾಯಗಳೂ ಇಂದ್ರಿಯವಿಷಯಗಳೂ ಪ್ರಮಾದದ ಭೇದಗಳೇ. ಈ ಪುಡಿಯನ್ನು ಸೇವಿಸಿದವನ ಕಣ್ಣು ತೆರೆದಿರುತ್ತದೆ, ವಿವೇಕವು ಮುಚ್ಚಿರುತ್ತದೆ. ಅಹಂಕಾರ, ಸಿಡುಕು, ಸಂಶಯಗಳು ಬೆಳೆಯುತ್ತವೆ. ಉರಿಯುವ ಮನೆಯಲ್ಲಿಯೂ ಬೆಳಕಿರುತ್ತದೆ, ಆದರೆ ಅದನ್ನು ಯಾರೂ ದೀಪವೆನ್ನರು.

ಹಸಿವೆಯ ಮಾತು ಇದಕ್ಕಿಂತ ಸೂಕ್ಷ್ಮವಾದುದು. 22 ಪರೀಷಹಗಳಲ್ಲಿ ಮೊದಲನೆಯದು ಕ್ಷುಧೆ. ಪರೀಷಹವನ್ನು ಸಹಿಸಬೇಕಾದರೆ ಅದು ಅನುಭವಕ್ಕೆ ಬರಬೇಕು. ಅಷ್ಟಮಿ ಚತುರ್ದಶಿಗಳಲ್ಲಿ ಪ್ರೋಷಧೋಪವಾಸ ಮಾಡುವ ಗೃಹಿಣಿಗೆ ಮಧ್ಯಾಹ್ನ ಹೊಟ್ಟೆ ಹಸಿಯುತ್ತದೆ. ಹಸಿವೆಯನ್ನು ಅವಳು ಅರಿಯುತ್ತಾಳೆ, ಅರಿತೂ ಸ್ವಾಧ್ಯಾಯದಲ್ಲಿ ಕುಳಿತುಕೊಳ್ಳುತ್ತಾಳೆ. ಯೋಗ್ಯವಾದ ವಿಷಯದಿಂದಲೂ ಸಂಕಲ್ಪಪೂರ್ವಕವಾಗಿ ವಿರಮಿಸುವುದೇ ವ್ರತವೆಂದು ಸಮಂತಭದ್ರರ ಅಭಿಪ್ರಾಯ. ಕೊಕೇನ್ ಸೇವಿಸಿದವನು ಅನ್ನವನ್ನು ತ್ಯಜಿಸಿಲ್ಲ. ಅನ್ನದ ನೆನಪನ್ನೇ ಕಳೆದುಕೊಂಡಿದ್ದಾನೆ. ಜ್ವರದಿಂದ ಬಾಯಿ ಕೆಟ್ಟವನಿಗೂ ಊಟ ಬೇಡವಾಗುತ್ತದೆ. ಅವನಿಗೆ ನಾವು ಪಾರಣೆ ಮಾಡಿಸುತ್ತೇವೆಯೇ? ಇಂದ್ರಿಯಗಳು ವಿಷಯಗಳ ಔತ್ಸುಕ್ಯವನ್ನು ಬಿಟ್ಟು ಒಳಗೆ ಬಂದು ನೆಲೆಸುವುದು ಉಪವಾಸವೆಂದು ಪೂಜ್ಯಪಾದರು ವಿವರಿಸುತ್ತಾರೆ. ಇಲ್ಲಿಯೋ, ಒಂದು ವಿಷಯದ ಔತ್ಸುಕ್ಯವು ಉಳಿದೆಲ್ಲವನ್ನೂ ನುಂಗಿದೆ. ಉಪವಾಸವು ಇಚ್ಛೆಯ ನಿರೋಧ, ಇದು ಇಚ್ಛೆಯ ಸಾಮ್ರಾಜ್ಯ. ಪೊಟೋಸಿಯ ಕೂಲಿಗೆ ಹಸಿವೆ ತಿಳಿಯದಿದ್ದುದರಿಂದ ಲಾಭ ಪಡೆದವನು ಗಣಿಯ ಒಡೆಯನೇ ಹೊರತು ಕೂಲಿಯಲ್ಲ.

ಹಿಂಸೆಯ ವಿಷಯವನ್ನು ಬೆಳೆಸಬೇಕಾಗಿಲ್ಲ. ಕೊಲಂಬಿಯಾದ ಕಾಡು ಕಡಿದು ಕೋಕಾ ಬೆಳೆಯುತ್ತಾರೆ. ಎಲೆಯನ್ನು ಸೀಮೆಎಣ್ಣೆ, ಪೆಟ್ರೋಲುಗಳಲ್ಲಿ ನೆನೆಸಿದ ಕೊಳಕು ಹಳ್ಳಕ್ಕೆ ಸೇರುತ್ತದೆ. ಕಳ್ಳಸಾಗಣೆಗಾಗಿ ಮನುಷ್ಯರ ಕೊಲೆಗಳಾಗುತ್ತವೆ. ಕೃತ, ಕಾರಿತ, ಅನುಮೋದನೆಗಳನ್ನು ಬಲ್ಲವನು ಕೊಳ್ಳುವವನ ಪಾಲನ್ನು ತಾನೇ ಲೆಕ್ಕ ಹಾಕಲಿ.

ಮನೆಯಲ್ಲೊಬ್ಬ ಮಗನು ಈ ಬಲೆಗೆ ಬಿದ್ದರೆ? ಉಪಗೂಹನವೆಂದು ಹೇಳಿಕೊಂಡು ಮುಚ್ಚಿಡುವ ತಂದೆತಾಯಿಗಳು ಉಂಟು. ಪರರ ದೋಷವನ್ನು ಬೀದಿಗೆ ಹಾಕದಿರುವುದು ಉಪಗೂಹನ; ದೋಷವನ್ನು ಬೆಳೆಯಬಿಡುವುದಲ್ಲ. ಅದರ ಮಗ್ಗುಲಲ್ಲಿಯೇ ಸ್ಥಿತಿಕರಣವೆಂಬ ಅಂಗವಿದೆ. ಜಾರಿದವನನ್ನು ಮತ್ತೆ ನಿಲ್ಲಿಸಬೇಕು. ಕೊಕೇನ್ ಇಟ್ಟುಕೊಳ್ಳುವುದು 1985ರ ಕಾಯಿದೆಯಂತೆ ಅಪರಾಧವಾದರೂ, ಸ್ವತಃ ಚಿಕಿತ್ಸೆಗೆ ಮುಂದೆ ಬರುವ ವ್ಯಸನಿಗೆ ಅದೇ ಕಾಯಿದೆಯ 64ಎ ಕಲಮು ರಕ್ಷಣೆಯನ್ನು ಕೊಡುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಇದಕ್ಕೆಂದೇ ವಿಭಾಗವಿದೆ. ಬಿಟ್ಟ ಮೊದಲ ದಿನಗಳಲ್ಲಿ ವ್ಯಸನಿಗೆ ಅತಿಯಾದ ನಿದ್ರೆ, ಅತಿಯಾದ ಹಸಿವೆ ಬರುವುದುಂಟು. ಆಗ ಪ್ರಾಯಶ್ಚಿತ್ತವೆಂದು ಅವನ ಮೇಲೆ ಉಪವಾಸವನ್ನು ಹೇರಬಾರದು. ಸೂರ್ಯಾಸ್ತಕ್ಕೆ ಮುನ್ನ, ಹೊತ್ತಿಗೆ ಸರಿಯಾಗಿ, ಹೊಟ್ಟೆ ತುಂಬ ಊಟ ಬಡಿಸಬೇಕು.