ಪುಟ್ಟ ಮನೆಯಲ್ಲಿ ಜಾಗ

ಹೇಳದೆ ಕೇಳದೆ ನೆಂಟರು ಬಂದಿಳಿದರೆ ಯಾರನ್ನು ಎಲ್ಲಿ ಮಲಗಿಸುವುದು, ಮಾಡಿದ ಅನ್ನ ಸಾಲುತ್ತದೋ ಇಲ್ಲವೋ ಎಂಬ ಲೆಕ್ಕ ನಮ್ಮ ಮನಸ್ಸಿನಲ್ಲಿ ಓಡುತ್ತದೆ. ಅದರಲ್ಲಿ ತಪ್ಪೇನಿಲ್ಲ, ಸಂಸಾರಸ್ಥರಿಗೆ ಆ ಲೆಕ್ಕ ಬೇಕೇ ಬೇಕು. ಆದರೆ ಫ್ರೆಂಚ್ ಗಾಯಕ ಶಾರ್ಲ್ ಅಜ್ನವೂರ್ ಅವರ ಬದುಕನ್ನು ಓದುವಾಗ ಅವರ ಕೀರ್ತಿಗಿಂತ ಹೆಚ್ಚಾಗಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಅವರ ಹೆತ್ತವರ ಇಕ್ಕಟ್ಟಾದ ಮನೆ.

ತಂದೆ ಮಿಶಾ, ತಾಯಿ ಕ್ನಾರ್ ಆರ್ಮೇನಿಯನ್ ನಿರಾಶ್ರಿತರು. ಅಮೆರಿಕದ ವೀಸಾಕ್ಕೆ ಕಾಯುತ್ತ ಪ್ಯಾರಿಸ್ಸಿನಲ್ಲಿ ತಂಗಿದವರು ಅಲ್ಲೇ ನೆಲೆಯಾದರು. 1924ರಲ್ಲಿ ಶಾರ್ಲ್ ಹುಟ್ಟಿದರು. ಎರಡನೇ ಮಹಾಯುದ್ಧದಲ್ಲಿ ನಗರ ಜರ್ಮನರ ವಶವಾದಾಗ ಯಹೂದಿಗಳಿಗೂ ಪ್ರತಿರೋಧ ಚಳವಳಿಯವರಿಗೂ ಆ ಮನೆಯಲ್ಲಿ ಆಶ್ರಯ ಸಿಕ್ಕಿತು. ಸಿಕ್ಕಿಬಿದ್ದರೆ ಮನೆಮಂದಿಯ ಪ್ರಾಣಕ್ಕೇ ಸಂಚಕಾರ. ಜರ್ಮನ್ ಸೈನ್ಯಕ್ಕೆ ಬಲವಂತವಾಗಿ ಸೇರಿಸಿಕೊಂಡಿದ್ದ ಆರ್ಮೇನಿಯನ್ನರು ತಪ್ಪಿಸಿಕೊಂಡು ಬಂದರೆ ಅವರಿಗೆ ತೊಡಲು ಬೇರೆ ಬಟ್ಟೆ ಕೊಡುತ್ತಿದ್ದರು. ಕಳಚಿಟ್ಟ ಸಮವಸ್ತ್ರ ಯಾರ ಕಣ್ಣಿಗೂ ಬೀಳಬಾರದಲ್ಲ! ಅದನ್ನು ಹೊರಗೆ ಸಾಗಿಸಿ ಇಲ್ಲವಾಗಿಸುವ ಕೆಲಸ ಶಾರ್ಲ್ ಮತ್ತು ಅಕ್ಕ ಆಯಿದಾ ಅವರದು. ಕರುಣೆಯೆಂದರೆ ಆ ಮಕ್ಕಳಿಗೆ ಬೇಗ ಮಾಡಿ ಮುಗಿಸಬೇಕಾದ ಒಂದು ಮನೆಗೆಲಸವಾಗಿತ್ತು.

ಗಾಯಕನಾಗಿ ಮೇಲೆ ಬರಲು ಶಾರ್ಲ್ ಪಟ್ಟ ಪಾಡು ಸಣ್ಣದಲ್ಲ. ಗಿಡ್ಡ ಆಳು, ಒಡಕು ದನಿ ಎಂದು ವಿಮರ್ಶಕರು ಹಂಗಿಸಿದರು. ಹೆಸರಾಂತ ಗಾಯಕಿ ಎಡಿತ್ ಪಿಯಾಫ್ ಅವರ ಪರಿವಾರದಲ್ಲಿ ವರ್ಷಗಟ್ಟಲೆ ಇದ್ದು, ಹಾಡು ಬರೆದುಕೊಡುತ್ತ, ಬೇಕಾದ ಚಾಕರಿಯನ್ನೂ ಮಾಡಿದರು. 1960ರಲ್ಲಿ ಪ್ಯಾರಿಸ್ಸಿನ ಅಲ್ಹಾಂಬ್ರಾ ರಂಗಮಂದಿರದಲ್ಲಿ ಜನ ಕೊನೆಗೂ ಅವರನ್ನು ಮನಸಾರೆ ಒಪ್ಪಿಕೊಂಡರು. ಅಂದು ಅವರನ್ನು ಗೆಲ್ಲಿಸಿದ ಹಾಡು ಗೆಲುವನ್ನೇ ಕಾಣದ ಒಬ್ಬ ಕಲಾವಿದನದು! ಆಗಲೇ ಅವರಿಗೆ 36 ವರ್ಷ. 1972ರಲ್ಲಿ ಸಲಿಂಗಪ್ರೇಮಿಯೊಬ್ಬನ ಒಂಟಿತನವನ್ನು ‘ನಾನು’ ಎಂದೇ ಹಾಡಿದರು. ಆ ಕಾಲಕ್ಕೆ ಅಂಥ ಹಾಡು ಹಾಡಲು ಎದೆಗಾರಿಕೆ ಬೇಕಿತ್ತು. ಬೇರೆಯವರು ಒಳಗೆ ಬಿಟ್ಟುಕೊಳ್ಳದವನಿಗೆ ಹಾಡಿನಲ್ಲಿ ಜಾಗ ಕೊಡುವುದು ಅವರಿಗೆ ಹೆತ್ತವರಿಂದಲೇ ಬಂದ ಸಂಸ್ಕಾರ ಎಂದು ನಾನು ನಂಬುತ್ತೇನೆ.

ನಮ್ಮಲ್ಲಿ ಹೆಚ್ಚಿನವರು ದಾನಧರ್ಮವನ್ನು ಅನುಕೂಲ ಒದಗುವ ದಿನಕ್ಕೆ ಮುಂದೂಡುತ್ತೇವೆ: ಸಾಲ ತೀರಲಿ, ಇನ್ನೊಂದು ಕೋಣೆ ಕಟ್ಟಿಸೋಣ, ಆಮೇಲೆ ನೋಡೋಣ. ಮಿಶಾ ಮತ್ತು ಕ್ನಾರ್ ಹಾಗೆ ಕಾದಿದ್ದರೆ ಬಾಗಿಲಿಗೆ ಬಂದವರು ಉಳಿಯುತ್ತಿರಲಿಲ್ಲ. 1988ರ ಡಿಸೆಂಬರಿನಲ್ಲಿ ಆರ್ಮೇನಿಯಾದಲ್ಲಿ ಭೂಕಂಪವಾಗಿ ಸಾವಿರಾರು ಜನ ಸತ್ತಾಗ ಅವರ ಮಗನೂ ಕಾಯಲಿಲ್ಲ. ಜೊತೆಯ ಕಲಾವಿದರನ್ನು ಸೇರಿಸಿ ಪರಿಹಾರಕ್ಕಾಗಿ ಹಾಡಿಸಿದರು, ಸಂಸ್ಥೆ ಕಟ್ಟಿ ನೆರವು ಕಳಿಸಿದರು. ಯುದ್ಧಕಾಲದ ಆ ಆಶ್ರಯಕ್ಕಾಗಿ ಇಸ್ರೇಲಿನಲ್ಲಿ ಮನೆತನಕ್ಕೆ ಗೌರವ ಪದಕ ಸಂದದ್ದು 2017ರಲ್ಲಿ. ಆಗ ಶಾರ್ಲ್ ಅವರಿಗೆ 93 ವರ್ಷ, ಕಛೇರಿಗಳನ್ನು ಇನ್ನೂ ನಿಲ್ಲಿಸಿರಲಿಲ್ಲ.