ಅನುಮಾನದಿಂದ ಅನುಮಾನಕ್ಕೆ

ಕನ್ನಡದ ಆಡುಮಾತಿನಲ್ಲಿ ‘ಅನುಮಾನ’ ಎಂದರೆ ಸಂಶಯ. ಭಾರತೀಯ ತರ್ಕಶಾಸ್ತ್ರದಲ್ಲಾದರೋ ಅದೇ ಪದಕ್ಕೆ ಸಂಶಯವನ್ನು ಕಳೆಯುವ ಸಾಧನ, ಅಂದರೆ ಕಂಡ ಗುರುತನ್ನು ಹಿಡಿದು ಕಾಣದ ವಸ್ತುವನ್ನು ನಿಶ್ಚಯವಾಗಿ ತಿಳಿಯುವ ಪ್ರಮಾಣ ಎಂಬ ಅರ್ಥವಿದೆ. ಹಳೆಯ ಕಾರೊಂದನ್ನು ನೋಡಿದ ಮೆಕ್ಯಾನಿಕ್ ‘ಇಂಜೆಕ್ಟರ್ ಮೇಲೆ ಅನುಮಾನ’ ಎಂದಾಗ ಅವನ ಮಾತಿನಲ್ಲಿರುವುದು ಮೊದಲ ಅರ್ಥ ಮಾತ್ರ. ಅದು ಎರಡನೆಯ ಅರ್ಥಕ್ಕೆ ಏರಬೇಕಾದರೆ ನಡುವೆ ಏನೇನು ನಡೆಯಬೇಕು ಎಂಬುದು ಜ್ಞಾನಮೀಮಾಂಸೆಯ, ಎಂದರೆ ಅರಿವಿನ ಸ್ವರೂಪವನ್ನೂ ಅದರ ನೆಚ್ಚಿಕೆಯನ್ನೂ ವಿಚಾರಿಸುವ ಶಾಸ್ತ್ರದ, ಬಹು ಹಳೆಯ ಪ್ರಶ್ನೆ. ನೈಯಾಯಿಕರು, ಅಂದರೆ ನ್ಯಾಯದರ್ಶನದ ತಾರ್ಕಿಕರು, ಬೆಟ್ಟದ ಮೇಲಿನ ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವ ಉದಾಹರಣೆಯಿಂದ ಈ ಪ್ರಶ್ನೆಯನ್ನು ಬಿಡಿಸಿದರು; ಸೈಲೆನ್ಸರಿನಿಂದ ಹೊರಡುವ ಕಪ್ಪು ಹೊಗೆ ಇಂದಿನ ಓದುಗನಿಗೆ ಅದಕ್ಕಿಂತ ಸಮೀಪದ ಉದಾಹರಣೆಯಾದೀತು, ಏಕೆಂದರೆ ಇಲ್ಲಿ ಊಹೆಯ ಬೆನ್ನಿಗೇ ಕ್ರಿಯೆಯೂ ಕ್ರಿಯೆಯ ಬೆನ್ನಿಗೇ ಫಲವೂ ಬರುತ್ತವೆ.

ಇಂಜೆಕ್ಟರ್ ಎಂದರೆ ಎಂಜಿನ್ನಿಗೆ ಪೆಟ್ರೋಲನ್ನು ಅಳೆದು ಸಿಂಪಡಿಸುವ ಸಣ್ಣ ಕವಾಟ. ಬಾಷ್ ಸಂಸ್ಥೆಯ ಡಿ-ಜೆಟ್ರಾನಿಕ್ ಎಂಬ ವಿದ್ಯುನ್ಮಾನ ವ್ಯವಸ್ಥೆಯಲ್ಲಿ ಅದು 1967ರಲ್ಲಿ ಫೋಕ್ಸ್‌ವ್ಯಾಗನ್ 1600 ಕಾರಿಗೆ ಬಂತು. ಭಾರತದ ಸಾಮಾನ್ಯ ಕಾರುಗಳಲ್ಲಿ 2000ದ ಆಸುಪಾಸಿನಲ್ಲಿ ಕಾರ್ಬ್ಯುರೇಟರಿನ ಸ್ಥಾನವನ್ನು ಎಂಪಿಎಫ್‌ಐ ಹೆಸರಿನಲ್ಲಿ ಆಕ್ರಮಿಸಿತು. ಟ್ಯಾಂಕಿನೊಳಗಿನ ಪಂಪು ಪೆಟ್ರೋಲನ್ನು ‘ಫ್ಯುಯೆಲ್ ರೈಲ್’ ಎಂಬ ಕೊಳವೆಗೆ ನೂಕುತ್ತದೆ, ಪ್ರೆಶರ್ ರೆಗ್ಯುಲೇಟರ್ ಅಲ್ಲಿನ ಒತ್ತಡವನ್ನು ಹಳೆಯ ಕಾರುಗಳಲ್ಲಿ ಸುಮಾರು 3 ಬಾರ್ ಮಟ್ಟದಲ್ಲಿ ಹಿಡಿದಿಟ್ಟು ಹೆಚ್ಚಾದುದನ್ನು ರಿಟರ್ನ್ ಪೈಪಿನ ಮೂಲಕ ಟ್ಯಾಂಕಿಗೆ ಮರಳಿಸುತ್ತದೆ, ಇಂಜೆಕ್ಟರಿನ ಸೂಜಿಯು ವಿದ್ಯುತ್ ಹರಿದಾಗ ಕೆಲವೇ ಮಿಲಿಸೆಕೆಂಡುಗಳ ಕಾಲ ಮೇಲೆದ್ದು ಮತ್ತೆ ತನ್ನ ಪೀಠದ ಮೇಲೆ ಕೂರುತ್ತದೆ. ವರ್ಷಗಳು ಕಳೆದಂತೆ ಆ ಪೀಠ ಸವೆದರೆ, ಅಥವಾ ಅಲ್ಲಿ ಕಿಟ್ಟ ಕಟ್ಟಿದರೆ, ಸೂಜಿ ಕೂತಿದ್ದರೂ ಪೆಟ್ರೋಲು ತೊಟ್ಟಿಕ್ಕುತ್ತಲೇ ಇರುತ್ತದೆ. ಬಿಸಿ ಎಂಜಿನ್ನನ್ನು ನಿಲ್ಲಿಸಿ ಕಾಲು ಗಂಟೆ ಬಿಟ್ಟು ಮತ್ತೆ ಸೆಲ್ಫ್ ಹೊಡೆದರೆ ಬೇಗ ಹತ್ತುವುದಿಲ್ಲ; ಹತ್ತಿದಾಗ ಕಪ್ಪು ಹೊಗೆ, ಪೆಟ್ರೋಲಿನ ವಾಸನೆ, ಮಿಸ್ಸಿಂಗ್. ಇವು ಲಿಂಗಗಳು, ಅಂದರೆ ಕಾಣದುದನ್ನು ಸೂಚಿಸುವ ಗುರುತುಗಳು.

ಗುರುತು ಇದ್ದಲ್ಲೆಲ್ಲ ಕಾರಣವೂ ಇದ್ದೇ ಇರುತ್ತದೆ ಎಂಬ ತಪ್ಪದ ಸಂಬಂಧವೇ ವ್ಯಾಪ್ತಿ, ಮತ್ತು ವ್ಯಾಪ್ತಿ ಮುರಿದರೆ ಅನುಮಾನವೂ ಮುರಿಯುತ್ತದೆ. ಗೌತಮನ ನ್ಯಾಯಸೂತ್ರವು ಈ ಆಕ್ಷೇಪವನ್ನು ಮರೆಮಾಚದೆ ಎದುರಿಗಿಟ್ಟುಕೊಳ್ಳುತ್ತದೆ. ಹೊಳೆ ಉಕ್ಕಿದ್ದನ್ನು ಕಂಡು ಮೇಲೆಲ್ಲೋ ಮಳೆಯಾಗಿದೆ ಎಂದು ಊಹಿಸುವುದುಂಟು. ಆದರೆ ಕೆಳಗೆ ಯಾರೋ ನೀರಿಗೆ ಅಡ್ಡ ಕಟ್ಟಿದರೂ ಹೊಳೆ ಏರುತ್ತದೆಯಲ್ಲ, ಹೀಗಿರುವಾಗ ಅನುಮಾನವನ್ನು ಪ್ರಮಾಣವೆಂದು ನಂಬುವುದು ಹೇಗೆ? ಭಾಷ್ಯಕಾರ ವಾತ್ಸ್ಯಾಯನನ ಉತ್ತರ ಮನನಯೋಗ್ಯ: ಮಳೆಯಿಂದ ಉಕ್ಕಿದ ಹೊಳೆಯಲ್ಲಿ ಸೆಳೆತ ಬಲವಾಗಿರುತ್ತದೆ, ನೊರೆ ತುಂಬಿರುತ್ತದೆ, ಹಣ್ಣು, ಎಲೆ, ಕಟ್ಟಿಗೆ ತೇಲಿ ಬರುತ್ತವೆ, ಇವನ್ನು ಗಮನಿಸದೆ ಬರಿಯ ಏರಿಕೆಯಿಂದಲೇ ತೀರ್ಮಾನಿಸಿದರೆ ತಪ್ಪು ಊಹಿಸಿದವನದೇ ಹೊರತು ಅನುಮಾನದ್ದಲ್ಲ. ಕಪ್ಪು ಹೊಗೆಗೂ ಇದೇ ನ್ಯಾಯ ಸಲ್ಲುತ್ತದೆ. ಎಂಜಿನ್ನಿನ ತಾಪವನ್ನು ತಿಳಿಸುವ ಸೆನ್ಸರ್ ಕೆಟ್ಟು, ಬಿಸಿ ಎಂಜಿನ್ನನ್ನು ತಣ್ಣಗಿದೆಯೆಂದು ವರದಿ ಮಾಡಿದರೂ ಪೆಟ್ರೋಲು ಹೆಚ್ಚಾಗಿ ಹರಿದು ಹೊಗೆ ಕಪ್ಪಾಗುತ್ತದೆ. ಆದರೆ ಆಗ ನಾಲ್ಕೂ ಸ್ಪಾರ್ಕ್ ಪ್ಲಗ್‌ಗಳು ಒಂದೇ ಸಮನೆ ಮಸಿ ಹಿಡಿದಿರುತ್ತವೆ, ಒಂದೇ ಇಂಜೆಕ್ಟರ್ ಸೋರುತ್ತಿದ್ದರೆ ಒಂದು ಪ್ಲಗ್ ಮಾತ್ರ ಕಪ್ಪಾಗಿ ಒದ್ದೆಯಾಗಿರುತ್ತದೆ. ಹೊಳೆಯ ನೊರೆ, ಎಲೆಗಳ ಸ್ಥಾನದಲ್ಲಿ ಇಲ್ಲಿ ಪ್ಲಗ್‌ಗಳಿವೆ.

ಮುಂದಿನ ಹೆಜ್ಜೆಗೆ ಶಾಸ್ತ್ರಕಾರರು ‘ಪರಿಶೇಷ’ ಎನ್ನುತ್ತಾರೆ: ಸಾಧ್ಯವಿರುವ ಕಾರಣಗಳನ್ನೆಲ್ಲ ಎಣಿಸಿ, ಒಂದೊಂದನ್ನೇ ಪರೀಕ್ಷಿಸಿ ಕಳೆದು, ಉಳಿದುದನ್ನು ಒಪ್ಪುವುದು. ಎಂಜಿನ್ ನಿಲ್ಲಿಸಿದ ಮೇಲೂ ಕೆಲಕಾಲ ನಿಲ್ಲಬೇಕಾದ ರೈಲಿನ ಒತ್ತಡ ಗೇಜಿನಲ್ಲಿ ಬೇಗ ಇಳಿಯುತ್ತಿದ್ದರೆ ಪೆಟ್ರೋಲು ಎಲ್ಲಿಯೋ ತಪ್ಪಿಸಿಕೊಳ್ಳುತ್ತಿದೆ. ನಿಲ್ಲಿಸಿದ ಕೂಡಲೇ ರಿಟರ್ನ್ ಪೈಪನ್ನು ಅದುಮಿ ಹಿಡಿದಾಗ ಒತ್ತಡ ನಿಂತರೆ ದೋಷ ರೆಗ್ಯುಲೇಟರಿನದು. ಪಂಪಿನಿಂದ ಬರುವ ಪೈಪನ್ನು ಅದುಮಿದಾಗ ನಿಂತರೆ ಪೆಟ್ರೋಲು ಹಿಂದಕ್ಕೆ ಇಳಿಯದಂತೆ ತಡೆಯಬೇಕಾದ ಪಂಪಿನ ಕವಾಟದ್ದು. ಎರಡನ್ನೂ ಅದುಮಿದರೂ ಮುಳ್ಳು ಇಳಿಯುತ್ತಲೇ ಇದ್ದರೆ ಉಳಿಯುವುದು ಇಂಜೆಕ್ಟರ್‌ಗಳು. (ಹಳೆಯ ರಬ್ಬರ್ ಪೈಪು ಅದುಮಿದರೆ ಬಿರಿಯಬಹುದು, ಲೋಹದ ಪೈಪನ್ನು ಅದುಮಲೇಬಾರದು.) ಇದು ಅಚ್ಚುಕಟ್ಟಾದ ತರ್ಕವೇ ಸರಿ, ಆದರೆ ಎಣಿಕೆ ಪೂರ್ಣವಾಗಿರುವಷ್ಟೇ ಮಟ್ಟಿಗೆ ಇದು ದೃಢ. ಇಂಜೆಕ್ಟರಿಗೂ ರೈಲಿಗೂ ನಡುವೆ ಕೂರುವ ಓ-ರಿಂಗ್ ಎಂಬ ರಬ್ಬರ್ ಬಳೆ ಒಣಗಿ ಸೀಳಿದ್ದರೆ ಪೆಟ್ರೋಲು ಎಂಜಿನ್ನಿನ ಹೊರಮೈ ಮೇಲೆ ಸೋರುತ್ತದೆ. ಆಗಲೂ ಮುಳ್ಳು ಇಳಿಯುತ್ತದೆ, ಇಂಜೆಕ್ಟರ್ ಮಾತ್ರ ನಿರ್ದೋಷಿ. ಮೇಲಾಗಿ ಅದು ಬೆಂಕಿಯ ಅಪಾಯವಿರುವ ಸೋರಿಕೆಯಾದ್ದರಿಂದ ಎಣಿಕೆಯಲ್ಲಿ ಮೊದಲು ಬರಬೇಕಾದುದು ಅದೇ.

ಪರಿಶೇಷದಿಂದ ದಣಿದವರು ಕಣ್ಣನ್ನೇ ನಂಬಲು ಬಯಸುತ್ತಾರೆ: ಇಂಜೆಕ್ಟರನ್ನು ಕಳಚಿ ತುದಿಯನ್ನು ನೋಡಿ, ಒಣಗಿದೆಯಾದ್ದರಿಂದ ಸೋರಿಕೆಯಿಲ್ಲ ಎನ್ನುತ್ತಾರೆ. ಕಾಣದಿರುವುದೇ ಇಲ್ಲದಿರುವುದಕ್ಕೆ ಪ್ರಮಾಣವಾದೀತೇ ಎಂಬ ಈ ಪ್ರಶ್ನೆಯನ್ನು ಕುಮಾರಿಲಭಟ್ಟನ ಮೀಮಾಂಸಾ ಪರಂಪರೆ ಅತ್ಯಂತ ಸೂಕ್ಷ್ಮವಾಗಿ ಬಿಡಿಸಿದೆ. ನೆಲದ ಮೇಲೆ ಗಡಿಗೆ ಕಾಣದಿದ್ದರೆ ಗಡಿಗೆ ಇಲ್ಲವೆಂದು ತಿಳಿಯಬಹುದು, ಆದರೆ ಬೆಳಕಿದ್ದು, ಗಡಿಗೆ ಇದ್ದಿದ್ದರೆ ಕಂಡೇ ಕಾಣುತ್ತಿತ್ತು ಎನ್ನುವಂತಿದ್ದಾಗ ಮಾತ್ರ. ಇದಕ್ಕೆ ‘ಯೋಗ್ಯಾನುಪಲಬ್ಧಿ’ ಎಂದು ಹೆಸರು. ಕತ್ತಲೆಯ ಕೋಣೆಯಲ್ಲಿ ಗಡಿಗೆ ಕಾಣದಿದ್ದುದರಿಂದ ಏನೂ ಸಿದ್ಧವಾಗುವುದಿಲ್ಲ. ಒತ್ತಡವಿಲ್ಲದ ಇಂಜೆಕ್ಟರಿನ ಒಣ ತುದಿಯೂ ಕತ್ತಲೆಯ ಕೋಣೆಯೇ. ನಾಲ್ಕೂ ಇಂಜೆಕ್ಟರ್‌ಗಳನ್ನು ರೈಲಿಗೆ ಭದ್ರವಾಗಿ ಕಟ್ಟಿದಂತೆಯೇ ಮೇಲೆತ್ತಿ, ಅವುಗಳ ವಿದ್ಯುತ್ ಸಂಪರ್ಕವನ್ನೂ ಕಿಡಿ ಹಾರಿಸುವ ಕಾಯಿಲ್‌ಗಳನ್ನೂ ಬಿಡಿಸಿ, ತಣಿದ ಎಂಜಿನ್ನಿನ ಮೇಲೆ, ಗಾಳಿಯಾಡುವ ಜಾಗದಲ್ಲಿ, ಬೆಂಕಿ ನಂದಿಸುವ ಸಾಧನವನ್ನು ಪಕ್ಕದಲ್ಲಿಟ್ಟುಕೊಂಡು ಪಂಪನ್ನು ಓಡಿಸಿ ಕೆಲವು ನಿಮಿಷ ಕಾದರೆ ಆಗ ಕಾಣದಿರುವುದಕ್ಕೂ ಬೆಲೆ ಬರುತ್ತದೆ. ಅಷ್ಟಾದರೂ ಬಿಸಿಯಲ್ಲಿ ಮಾತ್ರ ಸೋರುವ ಇಂಜೆಕ್ಟರ್ ತಣಿದಾಗ ತೊಟ್ಟಿಕ್ಕದೆ ಇರಬಹುದೆಂಬ ಎಚ್ಚರ ಇರಲೇಬೇಕು.

ಇನ್ನೊಂದು ತೊಡಕು ಉಳಿದಿದೆ. ಮೂರನೆಯ ಸಿಲಿಂಡರಿನ ಪ್ಲಗ್ ಒದ್ದೆಯಾಗಿರುವುದಕ್ಕೆ ಅಲ್ಲಿ ಕಿಡಿಯೇ ಹಾರದಿರುವುದೂ ಕಾರಣವಾಗಬಹುದು. ಸಂಬಂಧವೊಂದು ನಿಲ್ಲಲು ಬೇರೆಯೇ ಒಂದು ಷರತ್ತು ಒಳಗೆ ಅಡಗಿದ್ದರೆ ಅದು ಉಪಾಧಿ. ಬೆಂಕಿಯಿದ್ದಲ್ಲೆಲ್ಲ ಹೊಗೆಯಿದೆ ಎನ್ನಲಾಗದು, ಹೊಗೆಗೆ ಸೌದೆ ಹಸಿಯಾಗಿರಬೇಕು ಎಂಬುದು ತರ್ಕಗ್ರಂಥಗಳ ಪ್ರಸಿದ್ಧ ದೃಷ್ಟಾಂತ. ಉಪಾಧಿಯನ್ನು ಬಯಲಿಗೆಳೆಯುವ ದಾರಿ ಅನ್ವಯ-ವ್ಯತಿರೇಕ, ಅಂದರೆ ಇದಿದ್ದರೆ ಅದಿದೆ, ಇದಿಲ್ಲದಿದ್ದರೆ ಅದಿಲ್ಲ ಎಂಬ ಎರಡು ಬದಿಯ ಪರೀಕ್ಷೆ. ಮೂರನೆಯದರ ಇಂಜೆಕ್ಟರನ್ನು ಒಂದನೆಯದಕ್ಕೂ ಒಂದನೆಯದರದನ್ನು ಮೂರನೆಯದಕ್ಕೂ ಹಾಕಿ, ಒಣ ಪ್ಲಗ್‌ಗಳೊಂದಿಗೆ ಓಡಿಸಿ ನೋಡಿದಾಗ ಒದ್ದೆ ಒಂದನೆಯದಕ್ಕೆ ಹೋದರೆ ದೋಷ ಇಂಜೆಕ್ಟರಿನಲ್ಲೇ ಇದೆ, ಮೂರನೆಯದರಲ್ಲೇ ಉಳಿದರೆ ಇಂಜೆಕ್ಟರಿನದಲ್ಲ. ಒಂದೂ ಹೊಸ ಬಿಡಿಭಾಗ ಕೊಳ್ಳದೆ ನಡೆಯುವ ಈ ಅದಲುಬದಲು ಗ್ಯಾರೇಜಿನಲ್ಲಿ ನಡೆಯುವ ಅತ್ಯುತ್ತಮ ತತ್ತ್ವವಿಚಾರ ಎಂದರೆ ಹೆಚ್ಚಾಗದು.

ಇಷ್ಟೆಲ್ಲ ಏಕೆ, ನಾಲ್ಕನ್ನೂ ಬದಲಾಯಿಸಿದರೆ ಮುಗಿಯಿತಲ್ಲ ಎಂಬ ವಾದಕ್ಕೆ ಶಾಸ್ತ್ರದ ಬೆಂಬಲ ಸಿಕ್ಕಂತೆ ಮೇಲ್ನೋಟಕ್ಕೆ ಕಾಣುತ್ತದೆ. ಜ್ಞಾನದ ಪ್ರಾಮಾಣ್ಯ, ಅಂದರೆ ಅದರ ನೆಚ್ಚಿಕೆ, ಗೊತ್ತಾಗುವುದು ಅದರಿಂದ ಹೊರಟ ಕ್ರಿಯೆ ಫಲಿಸಿದಾಗ ಎಂದು ನ್ಯಾಯಭಾಷ್ಯದ ಆರಂಭದಲ್ಲೇ ಇದೆ. ಆದರೆ 12ನೆಯ ಶತಮಾನದ ದಾರ್ಶನಿಕ ಶ್ರೀಹರ್ಷ ಈ ನೆಮ್ಮದಿಯನ್ನು ಕದಡಿದ: ಮುಚ್ಚಿದ ಮುಷ್ಟಿಯಲ್ಲಿ ಐದು ಕವಡೆಗಳಿವೆ ಎಂದು ಒಬ್ಬ ಸುಮ್ಮನೆ ಹೇಳಿ, ಐದೇ ಇದ್ದುಬಿಟ್ಟರೆ ಅವನಿಗೆ ಜ್ಞಾನವಿತ್ತೆನ್ನಬಹುದೇ? ಇಂಜೆಕ್ಟರ್‌ಗಳನ್ನು ಬದಲಾಯಿಸುವಾಗ ಓ-ರಿಂಗ್‌ಗಳೂ ಹೊಸದಾಗುತ್ತವೆ, ಬಿಡಿಸಿದ ತಂತಿಗಳ ಸಂಪರ್ಕವೂ ಬಿಗಿಯಾಗುತ್ತದೆ, ಇವುಗಳಲ್ಲಿ ಯಾವುದರಿಂದ ಕಾರು ಸರಿಹೋಯಿತೆಂಬುದನ್ನು ಆ ಫಲ ಹೇಳುವುದಿಲ್ಲ. ಹಾಗೆಂದು ಪರೀಕ್ಷೆಗೆ ಪರೀಕ್ಷೆ ಬೇಡುತ್ತ ಹೋದರೆ ಕೊನೆಯೇ ಇರುವುದಿಲ್ಲ. ಗೇಜು ಸರಿಯೇ ಎಂದು ನೋಡಲು ಇನ್ನೊಂದು ಗೇಜು, ಅದಕ್ಕೆ ಮತ್ತೊಂದು. ಈ ಅನವಸ್ಥೆಯನ್ನು ಕಂಡೇ ಉಡುಪಿಯ ಮಧ್ವಾಚಾರ್ಯರ ಪರಂಪರೆಯು ಪ್ರಾಮಾಣ್ಯವನ್ನು ಕೊನೆಗೆ ಗ್ರಹಿಸುವುದು ಸಾಕ್ಷಿ ಎಂಬ ಆತ್ಮಸ್ವರೂಪದ ಇಂದ್ರಿಯವೆಂದೂ, ಸಂಶಯ ತಲೆದೋರಿದಲ್ಲಿ ಮಾತ್ರ ಪರೀಕ್ಷೆಯ ನೆರವು ಬೇಕೆಂದೂ ಹೇಳಿತು. ಈ ನಿಲುವು ಮೆಕ್ಯಾನಿಕನ ಕೆಲಸಕ್ಕೂ ಹೊಂದುತ್ತದೆ: ಸಂಶಯವಿರುವಷ್ಟು ಕಾಲ ಪರೀಕ್ಷೆ ನಡೆಯಬೇಕು, ಸಂಶಯ ತೀರಿದಲ್ಲಿ ನಿಲ್ಲಬೇಕು. ಎತ್ತಿ ಹಿಡಿದ ರೈಲಿನಲ್ಲಿ ಮೂರನೆಯ ಇಂಜೆಕ್ಟರಿನ ತುದಿಯಿಂದ ಹನಿಯೊಂದು ಕಣ್ಣೆದುರೇ ಬಿದ್ದಾಗ ಅಲ್ಲಿ ಸಂಶಯಕ್ಕೆ ಎಡೆಯಿಲ್ಲ. ನಾಲ್ಕನ್ನೂ ಕಳಚಿ ಎಸೆದ ಕಾರು ಚೆನ್ನಾಗಿಯೇ ಓಡಬಹುದು, ಆದರೆ ಅದಕ್ಕೆ ಏನಾಗಿತ್ತು ಎಂಬುದು ಯಾರಿಗೂ ತಿಳಿದಿಲ್ಲ.